ಕೂರಬಾರದ ಜಾಕೆಟ್ಟು

ಸುಗುಣಾ ಗಂಡ ಕಿಟ್ಟಣ್ಣನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಕೆಳಗಿದ್ದುದನ್ನು ಬಲಗೈಯಲ್ಲಿ ಸರಕ್ಕನೆ ಎಳೆದುಕೊಂಡಳು. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

"ಇದನ್ನಿಲ್ಲಿ ಇಟ್ಟವರು ಯಾರು?"

"ನಾನು ಮಾರಾಯ್ತಿ," ಅಂದ ಅವಳ ಅಣ್ಣ ಜಯಕರ ಶೆಟ್ಟಿ. "ಸತ್ತವನಿಗೆ ಒಂದು ದಿಂಬು ಕೊಟ್ಟದ್ದು ತಪ್ಪಾ?"

"ದಿಂಬಲ್ಲ ಅಣ್ಣ, ಜಾಕೆಟ್ಟು. ಇದನ್ನು ತಲೆಯಡಿಗೆ ಇಟ್ಟದ್ದು ಗೊತ್ತಾದ್ರೆ ಅವರು ಎದ್ದು ಕೂತು ಬೈದಾರು."

ಬೈಯುವುದರಲ್ಲಿ ಕಿಟ್ಟಣ್ಣನಿಗೆ ದಾಕ್ಷಿಣ್ಯವಿರಲಿಲ್ಲ. ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಅವನದೊಂದು ಚಹಾದಂಗಡಿ, ಹುಟ್ಟು ಹಾಕುವ ಒಂದು ದೋಣಿ. ನಾಸಿಕದಿಂದ ಭಾನುವಾರ ಗಾಳಿ ಕುಡಿಯಲು ಬಂದವರಿಗೆ ನೀರಿನಲ್ಲಿ ಒಂದು ಸುತ್ತು. ದೋಣಿ ಹತ್ತುವವರು ಮೊದಲು, ನೀರಿಗೆ ಬಿದ್ದರೂ ಮುಳುಗದಂತೆ ಅವನೇ ಹೊಲಿದ ಕೇಸರಿ ಜಾಕೆಟ್ಟು ಕಟ್ಟಿಕೊಳ್ಳಬೇಕು. ಒಳಗೆ ಬೂರುಗದ ಹತ್ತಿ, ಮೇಲೆ ಕ್ಯಾನ್ವಾಸು. ಅದರ ಮೇಲೆ ಯಾರೂ ಕೂರಕೂಡದು. ಹತ್ತಿ ಜಜ್ಜಿಹೋದರೆ ಆಮೇಲೆ ಅದು ತೇಲುವುದಿಲ್ಲ.

ನಿನ್ನೆ ಅವನಿಗೆ ಎದೆನೋವೆಂಬ ಸುದ್ದಿ ಹೋದಾಗ ಜಯಕರ ಪಂಚವಟಿಯಿಂದ ತನ್ನ ಹೋಟೆಲಿನ ವ್ಯಾನಿನಲ್ಲಿ ಬಂದಿದ್ದ. ಯಾವುದಕ್ಕೂ ಇರಲಿ ಎಂದು ಪುರೋಹಿತ ವೆಂಕಟರಮಣ ಭಟ್ಟರನ್ನೂ ಹತ್ತಿಸಿಕೊಂಡಿದ್ದ. ಬೆಳಗಿನ ಜಾವ ಕಿಟ್ಟಣ್ಣ ಹೋದ. ರಾತ್ರಿಯಿಡೀ ಸುರಿದ ಮಳೆಗೆ ನಾಸಿಕದ ರಸ್ತೆಯ ಮೋರಿಯೂ ಹೋಯಿತು. ಇನ್ನು ಉಳಿದದ್ದು ಹಿನ್ನೀರಿನ ಆಚೆ ದಂಡೆಯ ಸುಡುಗಾಡು. ಅಲ್ಲಿಗೆ ದಾರಿಯೆಂದರೆ ಈ ದೋಣಿಯೊಂದೇ.

"ಇಷ್ಟೆಲ್ಲ ಜಾಕೆಟ್ಟು ಹೊಲಿದವ ಕೊನೆಗೆ ಹಾಸಿಗೆಯಲ್ಲಿ ಸತ್ತ," ಅಂದ ಜಯಕರ. "ಎಂತ ಪ್ರಯೋಜನ ಬಂತು?"

"ದೋಣಿಯವ ಹಾಸಿಗೆಯಲ್ಲಿ ಸಾಯುವುದು ಸಣ್ಣ ಸಂಗತಿಯಾ ಅಣ್ಣ?"

ಜಯಕರ ಕೆಮ್ಮಿದ. "ಹನ್ನೆರಡನೇ ದಿನ ಮುಗೀಲಿ, ದೋಣಿ ಮಾರಿಬಿಡುವ. ಇವನ್ನೆಲ್ಲ ಬಿಚ್ಚಿ ಹೋಟೆಲಿನ ಕೆಲಸದವರಿಗೆ ಹಾಸಿಗೆ ಹೊಲಿಸುವ. ಒಳ್ಳೆ ಹತ್ತಿ ಉಂಟು."

ಸುಗುಣಾ ಜಾಕೆಟ್ಟನ್ನು ಕೊಡವಿ ಗೂಟಕ್ಕೆ ನೇತುಹಾಕಿದಳು.

*

ಹೋದ ವರ್ಷ ಒಂದು ಭಾನುವಾರ ಲಾಸಲಗಾಂವಿನ ಈರುಳ್ಳಿ ವ್ಯಾಪಾರಿಯೊಬ್ಬ ಮನೆಮಂದಿಯೊಂದಿಗೆ ಬಂದು, ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. "ಹೀ ಉಶೀ ಕಶಾಲಾ?" ಈ ದಿಂಬು ಯಾಕೆ?

"ಉಶೀ ನಾಹೀ ಶೇಠ್, ಆಯುಷ್ಯ," ಅಂದಿದ್ದ ಕಿಟ್ಟಣ್ಣ.

ಜಾಕೆಟ್ಟಿಲ್ಲದೆ ಹತ್ತಿಸಿದರೆ ದುಪ್ಪಟ್ಟು ಕೊಡುತ್ತೇನೆಂದ ಶೇಠ್. ಕಿಟ್ಟಣ್ಣ ದೋಣಿಯ ಹಗ್ಗವನ್ನು ಮತ್ತೊಂದು ಸುತ್ತು ಸುತ್ತಿ ಗಂಟು ಹಾಕಿದ. ಶೇಠ್ ಮಣ್ಣು ಒದ್ದು ಹೊರಟುಹೋದ.

"ಬಂದ ಲಕ್ಷ್ಮಿಯನ್ನು ಓಡಿಸ್ತೀ ಅಲ್ಲವಾ!" ಎಂದು ಜಯಕರ ದಂಡೆಯಿಂದ ಕೂಗಿದ. ಕೂಗುವಾಗಲೂ ಅವನು ಕೂತದ್ದು ಜಾಕೆಟ್ಟಿನ ಮೇಲೆಯೇ. ಒಳ್ಳೆ ಮೈಕಟ್ಟಿನ ಆಳು. ಕೆಳಗಿನ ಹತ್ತಿ ಹಪ್ಪಳವಾಗಿತ್ತು.

ಕಿಟ್ಟಣ್ಣ ಮೂಗು ಹಿಡಿದುಕೊಂಡು ಥೇಟ್ ಜಯಕರನ ಧ್ವನಿ ತೆಗೆದ: "ಅಯ್ಯೋ ಕಿಟ್ಟಣ್ಣಾ, ಮುಳುಗಿದೆ ಮಾರಾಯಾ! ಹೋಟೆಲಿನ ಬೀಗದಕೈ ಸೊಂಟದಲ್ಲೇ ಉಂಟು, ಮೊದಲು ಅದನ್ನು ಹಿಡಿ!" ದಂಡೆಯ ಮೇಲಿದ್ದವರೆಲ್ಲ ನಕ್ಕರು. ಜಯಕರ ನಗಲಿಲ್ಲ.

"ಭಾವ, ನಿಮಗೆ ಬೇರೆಯೇ ಒಂದು ಹೊಲೀತೇನೆ," ಅಂದ ಕಿಟ್ಟಣ್ಣ. "ದೊಡ್ಡದು. ಕೂತರೂ ಸುಮ್ಮನಿರದಂಥದ್ದು."

"ಹೊಲಿದಿಡು. ನಾನು ಬಂದಾಗ ನೋಡುವ," ಎಂದು ಜಯಕರ ವ್ಯಾನು ಹತ್ತಿದ. ಆಮೇಲೆ ನಿನ್ನೆಯವರೆಗೆ ಅವನು ಈ ಕಡೆ ತಲೆ ಹಾಕಿರಲಿಲ್ಲ.

*

ಚಟ್ಟವನ್ನು ದೋಣಿಯ ಹಲಗೆಗಳ ಮೇಲೆ ಉದ್ದಕ್ಕೆ ಇಟ್ಟರು. ಬೆಂಕಿಯ ಮಡಕೆಯ ಪಕ್ಕ ಸುಗುಣಾ ಮರಳಿನ ಬಕೆಟ್ಟು ಇಟ್ಟಳು. ನೀರು ಮೊಗೆಯುವ ಡಾಲ್ಡಾ ಡಬ್ಬಿ, ಹಗ್ಗದ ಸುರುಳಿ, ಸೀಟಿ, ಎಲ್ಲವನ್ನೂ ಮುಟ್ಟಿ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಾಕೆಟ್ಟು ಕಟ್ಟಿಕೊಂಡು, ಹುಟ್ಟು ಹಿಡಿದು ಕೂತಳು.

"ಹೆಂಗಸರು ಸ್ಮಶಾನಕ್ಕೆ ಬರುವ ಕ್ರಮ ಇಲ್ಲಮ್ಮ," ಅಂದರು ಭಟ್ಟರು.

"ಹಾಗಾದ್ರೆ ಹುಟ್ಟು ನೀವು ಹಾಕ್ತೀರಾ ಭಟ್ರೆ?"

ಭಟ್ಟರು ನೀರನ್ನೊಮ್ಮೆ ನೋಡಿದರು. "ಆಯಿತು. ಆದರೆ ಈ ಹೊಲಿದ ಬಟ್ಟೆ... ನಾನು ಮಡಿಯಲ್ಲಿದ್ದೇನೆ."

"ಈಜಿ ಬನ್ನಿ. ಮಡಿಯೂ ಉಳೀತದೆ."

ಓಝರಿನ ವಿಮಾನ ಕಾರ್ಖಾನೆಯ ಗುರುಸಿದ್ದಪ್ಪ, ಕಿಟ್ಟಣ್ಣನ ಭಾನುವಾರದ ಗೆಳೆಯ, ನಿನ್ನೆಯೇ ಬಂದು ಉಳಿದವ, ಆಗಲೇ ಜಾಕೆಟ್ಟಿನ ಲಾಡಿ ಬಿಗಿಯುತ್ತಿದ್ದ. "ಕಟ್ಕೋರಿ ಭಟ್ರ. ಸುಗುಣಾ ವೈನಿ ಮುಂದ ನಿಮ್ಮ ಮಂತ್ರ ನಡಿಯಂಗಿಲ್ಲ."

ಭಟ್ಟರು ಕಟ್ಟಿಕೊಂಡರು. ಕಿಟ್ಟಣ್ಣನ ತಮ್ಮ ಉಮಾನಾಥನೂ ಕಟ್ಟಿಕೊಂಡ. ಉಳಿದ ಒಂದನ್ನು ಸುಗುಣಾ ಗಂಡನ ಎದೆಗೆ ಹಾಕಿ, ಚಟ್ಟದ ಬಿದಿರಿಗೆ ಬಿಗಿದಳು.

"ಹೆಣಕ್ಕೂ ಜಾಕೆಟ್ಟಾ!" ಜಯಕರನಿಗೆ ತಡೆಯಲಾಗಲಿಲ್ಲ. "ನಾಲ್ಕು ಜನ ನಗ್ತಾರೆ ಮಾರಾಯ್ತಿ."

"ನಗಲಿ. ದೋಣಿ ಮಗುಚಿದ್ರೆ ಅವರನ್ನು ಎರಡನೇ ಸಲ ಕಳಕೊಳ್ಳಲಿಕ್ಕೆ ನನ್ನಿಂದಾಗದು. ಒಳಗೆ ಮೂಲೆಯಲ್ಲಿ ದೊಡ್ಡದೊಂದು ಉಂಟು, ಅದು ನಿನ್ನದು. ಕಟ್ಟದೆ ನಾನು ಹಗ್ಗ ಬಿಚ್ಚುವುದಿಲ್ಲ. ಸಂಜೆಯಾದ್ರೂ ಸರಿ, ನಾಳೆಯಾದ್ರೂ ಸರಿ."

ಜಯಕರ ಗೊಣಗುತ್ತ ಅದನ್ನು ತಂದು ಎದೆಗೆ ಅವಚಿಕೊಂಡು ಮುಂದಿನ ತುದಿಗೆ ಹತ್ತಿದ. "ಕಟ್ಟಿಕೊಳ್ತೇನೆ, ನೀನು ನಡಿ." ಅವನು ಲಾಡಿಗೆ ಕೈ ಹಾಕಿದ್ದನ್ನು ಕಂಡು ಸುಗುಣಾ ಹಗ್ಗ ಬಿಚ್ಚಿದಳು.

ಹುಟ್ಟು ಹಾಕುವವರ ಬೆನ್ನು ಮುಂದಿನ ತುದಿಗೆ. ಸುಗುಣಾಳಿಗೆ ಅಣ್ಣ ಕಾಣುತ್ತಿರಲಿಲ್ಲ. ಅದು ಜಯಕರನಿಗೂ ಗೊತ್ತಿತ್ತು.

ನಡುನೀರಿನಲ್ಲಿ ಗಾಳಿ ಎದ್ದಿತು. ಭಟ್ಟರ ಮಂತ್ರ ಬಿಟ್ಟರೆ ಸದ್ದಿಲ್ಲ. ಜಯಕರ ಮೆಲ್ಲಗೆ ಜಾಕೆಟ್ಟನ್ನು ಮಡಚಿ, ಒದ್ದೆ ಹಲಗೆಯ ಮೇಲೆ ಹಾಕಿ, ಅದರ ಮೇಲೆ ಕೂತ.

ಪೀಂಂ!

ಮಂತ್ರ ನಿಂತಿತು. ಉಮಾನಾಥ ಬೆದರಿ ಸತ್ತ ಅಣ್ಣನ ಮುಖ ನೋಡಿದ. ಜಯಕರ ಗಾಬರಿಯಿಂದ ಅತ್ತ ಸರಿದ. ಪೀಂ. ಇತ್ತ ಸರಿದ. ಪೀಂ, ಪೀಂ.

ಸುಗುಣಾ ಹುಟ್ಟು ಎತ್ತಿ ಹಿಡಿದಳು. ತಿರುಗಿ ನೋಡಲಿಲ್ಲ.

"ಕೂತೆಯಾ ಅಣ್ಣ?"

"ಎಂತದಿದು?"

"ರಬ್ಬರ್ ಗೊಂಬೆಯ ಪೀಪಿ. ಪಂಚವಟಿಯ ಸಂತೆಯಿಂದ ತಂದು ಕಾಲರಿನೊಳಗೆ ಹೊಲಿದಿದ್ದಾರೆ. ಹೋದ ದೀಪಾವಳಿಗೆ ಭಾವ ಬರ್ತಾರೆ, ಬಂದವರು ಕೂತೇ ಕೂರ್ತಾರೆ ಅಂತ ದಿನಾ ಒತ್ತಿ ಒತ್ತಿ ನೋಡ್ತಿದ್ರು. ನೀನು ಬರಲೇ ಇಲ್ಲ."

ಜಯಕರ ಕೇಸರಿ ಜಾಕೆಟ್ಟು ತೊಟ್ಟು ಮಲಗಿದವನನ್ನು ನೋಡಿದ. ಜಯಕರನ ಹೊಟ್ಟೆ ನಗುವಿಗೆ ಒಮ್ಮೆ ಕುಲುಕಿತು. ಆಮೇಲೆ ಎದೆ. ಆಮೇಲೆ ಇಡೀ ದೋಣಿ.

"ಸತ್ತ ಮೇಲೂ ಬಿಡಲಿಲ್ಲವಲ್ಲ ಇವ!" ಎಂದು ಅವನು ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಜಾಕೆಟ್ಟು ತೊಟ್ಟ. ಲಾಡಿಯನ್ನು ಗುರುಸಿದ್ದಪ್ಪನೇ ಬಿಗಿದ.

"ಇದನ್ನೂ ಬಿಚ್ಚಿ ಹಾಸಿಗಿ ಹೊಲಸ್ತೀರೇನ್ರಿ ಶೆಟ್ರ?"

"ಮಲಗುವವರು ಯಾರು ಮಾರಾಯ್ರೆ, ರಾತ್ರಿಯಿಡೀ ಪೀಪಿ!"

ಸುಗುಣಾಳ ಹುಟ್ಟು ಮತ್ತೆ ನೀರಿಗಿಳಿಯಿತು.

ಆಚೆ ದಂಡೆಯಲ್ಲಿ ಕಟ್ಟಿಗೆ ಒಟ್ಟಿದ್ದ ಅಲ್ಲಿಯ ಊರವರು ಕೆಲಸ ಬಿಟ್ಟು ನಿಂತರು. ಇಳಿಜಾರಿನಲ್ಲಿ ಚಟ್ಟ ಏರುತ್ತಿತ್ತು. ಹೊತ್ತವರೆಲ್ಲ ಕೇಸರಿ ಜಾಕೆಟ್ಟಿನಲ್ಲಿ, ಹೊರಿಸಿಕೊಂಡವನೂ. ಮುಂದಿನ ಬಿದಿರು ಜಯಕರನ ಹೆಗಲ ಮೇಲೆ, ಕಾಲರಿಗೆ ಸರಿಯಾಗಿ ಒತ್ತಿ ಕೂತಿತ್ತು. ಹೆಜ್ಜೆಗೊಂದು ಪೀಂ. ಒಬ್ಬೊಬ್ಬರಾಗಿ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಕೆನ್ನೆಯ ಮೇಲೆ ಕಣ್ಣೀರು ಸುರಿಯುತ್ತಿದ್ದ ಜಯಕರ ಮಾತ್ರ, ಹೆಗಲು ಬದಲಿಸದೆ, ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತ ಏರುತ್ತಿದ್ದ.