ತೀರ್ಥಮ್ಮನ ತಿರುವು

ತೀರ್ಥಮ್ಮ ಲಿಂಗೈಕ್ಯರಾಗಿ ಹನ್ನೊಂದು ತಿಂಗಳು ಕಳೆದಿತ್ತು. ಮೊದಲ ವಾರ ಮುಗಿದ ಮೇಲೆ, ಆಕೆಯ ಗಂಡ ಮಲ್ಲಿಕಾರ್ಜುನಯ್ಯನವರ ಎದುರಿಗೆ ಆಕೆಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಅದರಲ್ಲಿ ಯಾರ ಕೆಟ್ಟ ಮನಸ್ಸೂ ಇರಲಿಲ್ಲ. ನೆಂಟರೊಬ್ಬರು ಒಮ್ಮೆ ಹೆಸರು ಹೇಳಿದಾಗ ಅಯ್ಯನವರ ಕಣ್ಣು ತುಂಬಿ ಹರಿದದ್ದನ್ನು ಮಗ ಓಂಕಾರೇಶ್ ನೋಡಿದ್ದ. "ಅಪ್ಪಾಜಿ ಮುಂದೆ ಅಮ್ಮನ ಮಾತು ಬೇಡ" ಎಂದು ಮನೆಯವರಿಗೆಲ್ಲ ಹೇಳಿಬಿಟ್ಟ. ಮನೆಯ ಮಾತು ಬೀದಿಗೂ ತಲುಪಿತು. ಪಂಚನಹಳ್ಳಿಯ ಜನ ಅವರನ್ನು ಕಂಡರೆ ಮಳೆಯ ಸುದ್ದಿ, ಕೊಬ್ಬರಿಯ ಸುದ್ದಿ, ಬೋರ್‌ವೆಲ್ಲಿನ ಸುದ್ದಿ ಆಡಿ ಮುಂದೆ ಹೋಗುತ್ತಿದ್ದರು.

ಅಯ್ಯನವರಿಗೆ ಬೇಕಾಗಿದ್ದದ್ದೇ ಬೇರೆ. ಆ ಹೆಸರನ್ನು ಇನ್ನೊಬ್ಬರ ಬಾಯಿಂದ ಕೇಳಬೇಕು. ಬೆಳಗಿನ ಹೊತ್ತು ಲಿಂಗಪೂಜೆಗೆ ಈಗ ಬಿಲ್ವಪತ್ರೆ ಬಿಡಿಸಿ ತರುವವರು ತಾವೇ. ಪತ್ರೆ ಏರಿಸುವಾಗ ಒಂದು ಸಲ ಮೆಲ್ಲಗೆ "ತೀರ್ಥ" ಎನ್ನುತ್ತಿದ್ದರು. ತಾವೇ ಹೇಳಿ ತಾವೇ ಕೇಳಿದರೆ ಹಸಿವು ಹಿಂಗುವುದೇ? ಶಿವನಿಗೆ ಒಪ್ಪಿಸಿದ್ದನ್ನು ತಿರುಗಿ ಕೇಳಬಾರದು ಎಂದು ಮಠದ ಸ್ವಾಮಿಗಳು ಸಮಾಧಾನ ಹೇಳಿದ್ದರು. ಅಯ್ಯನವರು ಕೇಳುತ್ತಿದ್ದದ್ದು ಆಕೆಯನ್ನಲ್ಲ, ಆಕೆಯ ಹೆಸರನ್ನು ಮಾತ್ರ. ಆದರೆ ಎಪ್ಪತ್ತಾರು ವರ್ಷದ ಗಂಡಸು ಯಾರ ಮನೆಯ ಬಾಗಿಲಿಗೆ ಹೋಗಿ, ನನ್ನ ಹೆಂಡತಿಯ ಮಾತಾಡಿ ಎಂದು ಕೇಳಿಯಾನು?

ಅಯ್ಯನವರು ಮೂವತ್ತೆಂಟು ವರ್ಷ ಆ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಅಂಚೆ ಹಂಚಿದವರು. ಊರಿಗೆಲ್ಲ ಅವರು ಪೋಸ್ಟ್ ಅಯ್ನೋರು. ಆ ವರ್ಷ ಶ್ರಾವಣದಲ್ಲಿ ಪಂಚಾಯಿತಿಯ ಪಿಡಿಒ ಸೌಮ್ಯ ಅವರನ್ನು ಹುಡುಕಿಕೊಂಡು ಮನೆಗೆ ಬಂದಳು.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕಿನ ಕೆಲವು ಪಂಚಾಯಿತಿಗಳು ಸೇರಿ ಒಂದು ದೂರಿನ ಫೋನು ಇಟ್ಟುಕೊಂಡಿದ್ದವು. ನಲ್ಲಿ ಬರಲಿಲ್ಲ, ಚರಂಡಿ ಕಟ್ಟಿತು, ಬೀದಿ ದೀಪ ಹೋಯಿತು ಎಂದು ಯಾವ ಊರಿನವರು ಫೋನು ಮಾಡಿದರೂ ಎತ್ತುವುದು ಒಂದು ಎಐ ಯಂತ್ರ. ಅದು ಹೆಣ್ಣಿನ ದನಿಯಲ್ಲಿ ಮಾತಾಡುತ್ತಿತ್ತು. ಜನ ಅದಕ್ಕೆ ಕಂಪ್ಯೂಟರಮ್ಮ ಎಂದು ಹೆಸರಿಟ್ಟಿದ್ದರು. ಹೇಳಿದ್ದನ್ನು ಬರೆದುಕೊಂಡು, ಆ ಜಾಗಕ್ಕೆ ಹತ್ತಿರದ ಕೆಲಸಗಾರನ ಮೊಬೈಲಿಗೆ ಕಳಿಸುವುದು ಅದರ ಕೆಲಸ.

ತೊಡಕು ಬಂದದ್ದು ಜನ ಜಾಗ ಹೇಳುವ ರೀತಿಯಿಂದ. ಒಬ್ಬ "ಹುಣಸೇಮರದ ಹತ್ರ ಪೈಪು ಒಡೆದಿದೆ" ಎನ್ನುತ್ತಾನೆ. ಆ ಮರ ಕಡಿದು ಇಪ್ಪತ್ತು ವರ್ಷ. ಇನ್ನೊಬ್ಬಳು "ಟೆಂಟ್ ಹಿಂದೆ" ಎನ್ನುತ್ತಾಳೆ. ಸಿನಿಮಾ ಟೆಂಟ್ ಕಿತ್ತುಕೊಂಡು ಹೋದಾಗ ಅವಳಿನ್ನೂ ಹುಟ್ಟಿರಲಿಲ್ಲ. ಯಂತ್ರಕ್ಕೆ ಇರುವುದಷ್ಟೇ ಗೊತ್ತು. ಜನರು ಇಲ್ಲದ್ದನ್ನು ಹಿಡಿದು ದಾರಿ ಹೇಳುತ್ತಾರೆ.

"ಅಯ್ನೋರೇ, ನಮ್ಮ ಕಂಪ್ಯೂಟರಮ್ಮಂಗೆ ಊರು ಗೊತ್ತಿಲ್ಲ. ನೀವು ಸ್ವಲ್ಪ ಹೇಳ್ಕೊಡಿ" ಎಂದಳು ಸೌಮ್ಯ.

"ನಾನು ಎಸ್ಸೆಲ್ಸಿ ಫೇಲು ಕಣಮ್ಮ."

"ಅವಳು ನರ್ಸರಿಗೂ ಹೋಗಿಲ್ಲ, ಬನ್ನಿ."

ಹೀಗೆ ವಾರಕ್ಕೆ ಮೂರು ಮಧ್ಯಾಹ್ನ ಅಯ್ಯನವರು ಪಂಚಾಯಿತಿ ಆಫೀಸಿನಲ್ಲಿ ಕೂರುವಂತಾಯಿತು. ಯಂತ್ರಕ್ಕೆ ತಿಳಿಯದ ದೂರುಗಳನ್ನು ಸೌಮ್ಯ ಒಂದೊಂದಾಗಿ ಕೇಳಿಸುವಳು. ಅವರು ಜಾಗ ಹೇಳುವರು. ಅವಳು ನಕ್ಷೆಯ ಮೇಲೆ ಗುರುತು ಹಾಕುವಳು. ಅಜ್ಜಂಪುರದ ಕಡೆ ಇದೇ ಕೆಲಸಕ್ಕೆ ಕೂತಿದ್ದವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಪುಟ್ಟಯ್ಯ. ಆಗಾಗ ಸ್ಕ್ರೀನಿನಲ್ಲಿ ಇಬ್ಬರೂ ಮುಖ ನೋಡಿಕೊಳ್ಳುತ್ತಿದ್ದರು.

"ಏನ್ ಅಯ್ನೋರೇ, ಇವತ್ತೆಷ್ಟು ಹುಣಸೇಮರ?"

"ನಾಲ್ಕು. ನಿಮ್ಮ ಕಡೆ?"

"ನಮ್ಮ ಕಡೆ ಮರ ಎಲ್ಲೈತೆ ಕಣ್ರೀ? ಬರೀ ರೈಲ್ವೆ ಗೇಟು. ಅವನ್ನೂ ಕಿತ್ತಾಕವ್ರೆ."

ಒಂದು ಗುರುವಾರ ಅಯ್ಯನವರೂ ಸೌಮ್ಯಳೂ ಕೆಲಸಕ್ಕೆ ಕೂತಿದ್ದ ಹೊತ್ತಿಗೆ ನೀರುಗಂಟಿ ಮಂಜಪ್ಪ ಒಳಗೆ ನುಗ್ಗಿದ. ಬೀದಿ ದೀಪದ ಕೆಲಸವೂ ಅವನದೇ. ಬಾಗಿಲಿನ ಹಿಂದಿನ ಕುರ್ಚಿಯಲ್ಲಿದ್ದ ಅಯ್ಯನವರು ಅವನ ಕಣ್ಣಿಗೆ ಬೀಳಲಿಲ್ಲ.

"ಮೇಡಂ, ತರೀಕೆರೆ ಕಡೆ ಲೈಟಿನವನು ಫೋನ್ ಮಾಡಿ ನಂಗೆ ಬಾಯಿಗೆ ಬಂದಂಗೆ ಬೈದ! ನಮ್ಮೂರ ದೂರನ್ನ ಕಂಪ್ಯೂಟರಮ್ಮ ಅವನಿಗೆ ಕಳಿಸ್ಬಿಟ್ಟೈತೆ. ಅಲ್ಲಿ ಯಾವುದೋ ಲಿಸ್ಟಲ್ಲಿ ತೀರ್ಥಮ್ಮ ಅಂತ ಒಬ್ರು ಮುದುಕಮ್ಮ ಅವ್ರಂತೆ. ಇವನು ಏಣಿ ಹೊತ್ಕಂಡು ಅವರ ಮನೆಗೇ ಹೋಗವ್ನೆ. ಆವಮ್ಮ, 'ನಾನ್ಯಾವ ದೂರೂ ಕೊಟ್ಟಿಲ್ಲಪ್ಪ, ಹೆಂಗೂ ಬಂದಿದೀಯ, ಅಡಿಗೆಮನೆ ಬಲ್ಬು ಹಾಕ್ಬಿಟ್ಟೋಗು' ಅಂದ್ರಂತೆ. ಹಾಕಿ, ಅವಲಕ್ಕಿ ತಿಂದು ಬಂದವ್ನೆ. ಇಲ್ಲಿ ನೋಡಿದ್ರೆ ನಮ್ಮ ತೀರ್ಥಮ್ಮನ ತಿರುವು ಕತ್ಲಾಗೇ..."

ಸೌಮ್ಯಳ ಮುಖ ನೋಡಿ ಅವನು ಹಿಂದಕ್ಕೆ ತಿರುಗಿದ. ಬಾಯಿ ತೆರೆದದ್ದು ಹಾಗೇ ಇತ್ತು.

"ಯಾವ ತಿರುವೋ, ಮಂಜಪ್ಪ?" ಎಂದು ಕೇಳಿದರು ಅಯ್ಯನವರು.

"ಏನಿಲ್ಲ ಅಯ್ನೋರೇ. ಮೋಟ್ರು ಆಫ್ ಮಾಡ್ಬೇಕು, ಬತ್ತೀನಿ." ಅವನು ಬಂದದ್ದಕ್ಕಿಂತ ಬೇಗ ಹೊರಟುಹೋದ.

ಸೌಮ್ಯ ತಲೆ ತಗ್ಗಿಸಿದಳು. "ಆ ತಿರುವಿನದೇ ಹತ್ತೊಂಬತ್ತು ದೂರು ಇವೆ ಅಯ್ನೋರೇ. ಮೂರು ವಾರದಿಂದ ಬೇರೆ ತೆಗೆದಿಟ್ಟಿದೀನಿ. ನಿಮ್ಮೆದುರು ಹಾಕೋಕೆ ಮನಸ್ಸು ಬರಲಿಲ್ಲ. ಜಾಗ ನಂಗೂ ಗೊತ್ತು. ಆದ್ರೆ ನಿಮ್ಮನ್ನ ಕೇಳದೆ ನಕ್ಷೆಗೆ ಹೆಂಗೆ ಏರಿಸೋದು?"

ಅಯ್ಯನವರ ಮನೆ ಇದ್ದದ್ದು ಬಸ್ ಸ್ಟಾಂಡಿನ ರಸ್ತೆ ಮಠದ ತೆಂಗಿನತೋಟದ ಕಡೆಗೆ ಹೊರಳುವ ಮೂಲೆಯಲ್ಲಿ. ಎರಡೂ ಕಡೆ ಗೋಡೆ. ಎದುರಿಗೆ ಬರುವ ಗಾಡಿ ಮೈಮೇಲೆ ಬರುವವರೆಗೆ ಕಾಣದು. ತೀರ್ಥಮ್ಮ ಜಗಲಿಯ ಮೇಲೆ ಕೂತು, ಜೋರಾಗಿ ಬರುವ ಬೈಕಿನವರನ್ನೆಲ್ಲ ಬೈಯುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಊರು ಆ ಮೂಲೆಗೆ ಆಕೆಯ ಹೆಸರಿಟ್ಟು ಕರೆಯುತ್ತದೆ ಎನ್ನುವುದು ಗೊತ್ತಿರಲಿಲ್ಲ. ಮನೆ ಮನೆಯ ವಿಳಾಸ ಬಲ್ಲವರಿಗೆ ತಮ್ಮ ಮನೆಯ ವಿಳಾಸವೇ ತಿಳಿದಿರಲಿಲ್ಲ.

"ಅಂದ್ರೆ ಊರೆಲ್ಲ ನಮ್ಮ ಬೆನ್ನ ಹಿಂದೆ ಆಡ್ಕೊಂಡು ನಗ್ತಿತ್ತು ಅನ್ನು." ಅವರ ದನಿ ಗಡುಸಾಗಿತ್ತು. ಹೆಸರು ಕಿವಿಗೆ ಬಿತ್ತು. ಬಿದ್ದದ್ದು ಹೀಗೆ, ಗೇಲಿಯಾಗಿ.

"ನೀವು ಬೇಡ ಅಂದ್ರೆ ತೆಗೆದುಬಿಡ್ತೀನಿ. ಮಠದ ತೋಟದ ತಿರುವು ಅಂತ ಹಾಕ್ತೀನಿ. ಯಾರು ಏನಂತ ಫೋನ್ ಮಾಡಿದ್ರೂ ಅದು ಹಂಗೇ ಬರ್ಕೊಳ್ಳುತ್ತೆ. ಸ್ವಲ್ಪ ದಿನಕ್ಕೆ ಜನಾನೂ ಹಂಗೇ ಕರೀತಾರೆ. ಹೇಳಿ, ಯಾವುದು ಹಾಕ್ಲಿ?"

ಅಯ್ಯನವರು ಹಣೆಯ ವಿಭೂತಿಯನ್ನು ಬೆರಳಿನಿಂದ ಒಮ್ಮೆ ಸವರಿಕೊಂಡರು. "ಮೊದಲು ಕೇಳಿಸಮ್ಮ" ಎಂದರು.

ಮೊದಲಿನದು ಯುವಕನೊಬ್ಬನ ದನಿ. "ತೀರ್ಥಮ್ಮನ ತಿರುವಲ್ಲಿ ಲೈಟಿಲ್ಲ."

"ದಯವಿಟ್ಟು ತೀರ್ಥಮ್ಮ ಅವರ ಮನೆ ಸಂಖ್ಯೆ ತಿಳಿಸಿ" ಎಂದಿತು ಯಂತ್ರ.

"ಮನೆ ಅಲ್ಲ ಕಣಮ್ಮ, ತಿರುವು. 'ಲೇ, ರಸ್ತೆನ ನಿಮ್ಮಪ್ಪ ಬರ್ಕೊಟ್ಟವ್ನೇನೋ, ನಿಧಾನಕ್ಕೋಗು' ಅಂತ ಬೈಯೋರಲ್ಲ, ಅವರು!"

ಎರಡನೆಯದು ಹೆಂಗಸು. "ನಮ್ಮನೆಯವ್ರು ಅಲ್ಲಿ ಗಾಡಿ ನಿಧಾನ ಮಾಡ್ತಿದ್ದುದೇ ತೀರ್ಥಮ್ಮನ ಬಾಯಿಗೆ ಹೆದರಿ. ಈಗ ಆವಮ್ಮನೂ ಇಲ್ಲ, ದೀಪನೂ ಇಲ್ಲ. ಒಂದು ಹಂಪ್ಸಾದ್ರೂ ಹಾಕ್ಸಿ ತಾಯಿ."

ಇನ್ನೊಬ್ಬ, ವಯಸ್ಸಾದವನು, ಯಂತ್ರ ಕೇಳದಿದ್ದರೂ ಕಥೆ ಹೇಳಿದ್ದ. "ನನ್ನ ಮೊಪೆಡ್ ಕೀ ಕಿತ್ಕೊಂಡು, 'ಕುಡಿದಿದೀಯ, ನಡ್ಕೊಂಡೋಗು, ಬೆಳಿಗ್ಗೆ ಬಂದು ಇಸ್ಕೋ' ಅಂದಿದ್ರು. ಅವತ್ತು ಸಿಟ್ಟು ಬಂದಿತ್ತು. ತೀರ್ಥಮ್ಮೋರು ಇರ್ಬೇಕಿತ್ತು ಕಣಮ್ಮ." ಆ ಕರೆಯ ಕೆಳಗೆ ಯಂತ್ರ ಒಂದು ಸಾಲು ಬರೆದುಕೊಂಡಿತ್ತು. ಸೌಮ್ಯ ಮುಚ್ಚುವುದರೊಳಗೆ ಅಯ್ಯನವರು ಓದಿಬಿಟ್ಟರು: ದೂರಿನ ವಿಷಯ, ತೀರ್ಥಮ್ಮ ಎಂಬವರು ಸಾರ್ವಜನಿಕರನ್ನು ಬೈಯುತ್ತಾರೆ, ಕ್ರಮ ಬಾಕಿ ಇದೆ.

ಅಯ್ಯನವರಿಗೆ ನಗು ಬಂತು. "ಇನ್ನೇನು ಕ್ರಮ ಜರುಗಿಸ್ತೀಯವ್ವ?" ಎಂದು ಸ್ಕ್ರೀನನ್ನೇ ಕೇಳಿದರು. ನಗುತ್ತಲೇ ಹೆಗಲ ಮೇಲಿನ ವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು. ಸೌಮ್ಯ ನಿಲ್ಲಿಸಲು ಹೋದಾಗ ಕೈಸನ್ನೆಯಿಂದ ಬೇಡವೆಂದರು. ಹತ್ತೊಂಬತ್ತೂ ಕೇಳಿದರು. ಯಂತ್ರದ ಎದುರು ಜನಕ್ಕೆ ಸಂಕೋಚವಿರಲಿಲ್ಲ. ಅದಕ್ಕೆ ಕಣ್ಣು ತುಂಬುವುದಿಲ್ಲವಲ್ಲ. ಹೀಗಾಗಿ ಅಯ್ಯನವರಿಂದ ಮುಚ್ಚಿಟ್ಟಿದ್ದನ್ನೆಲ್ಲ ಅದರ ಮುಂದೆ ಹೇಳಿಬಿಟ್ಟಿದ್ದರು.

"ಅವಳು ಯಾಕೆ ಅಲ್ಲಿ ಕೂರೋಕೆ ಶುರು ಮಾಡಿದಳು ಅಂತ ಇವರಿಗ್ಯಾರಿಗೂ ಗೊತ್ತಿಲ್ಲ" ಎಂದರು ಕೊನೆಗೆ.

ಇಪ್ಪತ್ತಾರು ವರ್ಷದ ಹಿಂದೆ ಅಂಚೆಚೀಲ ಹೇರಿಕೊಂಡು ಬರುವಾಗ ಅದೇ ಮೂಲೆಯಲ್ಲಿ ಲೂನಾ ಒಂದು ಅವರ ಸೈಕಲ್ಲಿಗೆ ಗುದ್ದಿ, ಎಡಗೈ ಮೂಳೆ ಮುರಿದಿತ್ತು. ಕೈ ಕೂಡಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಸಂಜೆ ನಾಲ್ಕಕ್ಕೆ ಬಂದು ನೋಡಿದರೆ ತೀರ್ಥಮ್ಮ ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಮರುದಿನವೂ ಅಲ್ಲೇ. ಅವರೆ ಕಾಲ ಮುಗಿದ ಮೇಲೂ ಅಲ್ಲೇ. ನಿವೃತ್ತಿಯಾದ ಮೇಲೆ ಅವರೇ ಕೇಳಿದ್ದರು. ನಾನು ಮನೆಯಲ್ಲೇ ಇದ್ದೀನಲ್ಲ, ಇನ್ನು ಯಾರಿಗಾಗಿ ಕೂರುತ್ತೀ ಎಂದು. "ಈ ಗಾಡಿಯವರ ಮನೆಗಳಲ್ಲೂ ಒಬ್ಬೊಬ್ಬಳು ಕಾಯ್ತಿರ್ತಾಳೆ" ಎಂದಿದ್ದಳು.

ಸೌಮ್ಯ ನಕ್ಷೆಯನ್ನು ಆ ಮೂಲೆಗೆ ಸರಿಸಿದಳು. ಆಮೇಲೆ ಕೇಳಿದಳು. "ಯಾವ ಹೆಸರು ಹಾಕ್ಲಿ ಅಯ್ನೋರೇ?"

"ಅವರು ಕರೆಯೋದನ್ನೇ ಹಾಕು. ನಗ್ತಾ ಕರೆದ್ರೇನು, ಗಾಡಿ ನಿಧಾನ ಮಾಡಿದಾರಲ್ಲ."

ಅವಳು ನಕ್ಷೆಯಲ್ಲಿ ಗುರುತು ಹಾಕಿ, ಸರಿಯಾಯಿತೋ ಎಂದು ನೋಡಲು ತನ್ನ ಮೊಬೈಲಿನಿಂದಲೇ ದೂರು ಕೊಟ್ಟಳು. ಯಂತ್ರ ತಡವರಿಸಲಿಲ್ಲ. "ತೀರ್ಥಮ್ಮನ ತಿರುವು, ಪಂಚನಹಳ್ಳಿ. ಬೀದಿ ದೀಪದ ದೂರನ್ನು ಮಂಜಪ್ಪ ಅವರಿಗೆ ಕಳಿಸಲಾಗಿದೆ. ಧನ್ಯವಾದಗಳು." ಉಚ್ಚಾರಣೆ ಸ್ಪಷ್ಟವಾಗಿತ್ತು. ಆದರೆ ಅದು ಹೇಳಿದ್ದು ಬರೀ ವಿಳಾಸ, ಆಕೆಯನ್ನು ಬಲ್ಲವರ ಬಾಯಿಂದ ಬಂದ ಹೆಸರಲ್ಲ. ಅಯ್ಯನವರು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದು, ಛತ್ರಿ ತೆಗೆದುಕೊಂಡು ಎದ್ದರು.

ಮನೆಗೆ ಬಂದಾಗ ಸೊಸೆ ಸಂಗೀತಾ ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಓಂಕಾರೇಶ್ ಕೊಬ್ಬರಿ ಮಂಡಿಯಿಂದ ಆಗಷ್ಟೇ ಬಂದು ಕಾಲು ತೊಳೆದು ಕೂತಿದ್ದ. ಅಯ್ಯನವರು ಛತ್ರಿಯನ್ನು ಗೂಟಕ್ಕೆ ಹಾಕಿ, ನಿಂತಲ್ಲಿಂದಲೇ ಕೇಳಿದರು.

"ಸಂಗೀತಾ, ನಿಮ್ಮತ್ತೆ ನಿನ್ನ ಏನಂತ ಬೈತಿದ್ದಳು?"

ಅವಳ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. ಗಂಡನ ಮುಖ ನೋಡಿದಳು.

"ಅಪ್ಪಾಜಿ, ಈಗ ಯಾಕೆ ಅದೆಲ್ಲಾ..." ಎಂದ ಓಂಕಾರೇಶ್.

"ನೀನು ಸುಮ್ನಿರೋ. ಹನ್ನೊಂದು ತಿಂಗಳು ಊರನ್ನೆಲ್ಲ ಸುಮ್ನಿರ್ಸಿದೀಯ. ಹೇಳವ್ವ ನೀನು."

ಸಂಗೀತಾ ಸೀರೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಕತ್ತು ಕೊಂಕಿಸಿ, ತೀರ್ಥಮ್ಮನ ದನಿಯನ್ನೇ ತೆಗೆದಳು. "'ಹೆಸರಿಟ್ಟವ್ರು ಸರಿಯಾಗೇ ಇಟ್ಟವ್ರೆ ಕಣೇ. ಪಾತ್ರೆ ತೊಳೆಯೋಕೆ ಕೂತ್ರೆ ಮಠದವರೆಗೂ ನಿನ್ನ ಕಛೇರಿ ಕೇಳ್ಸುತ್ತೆ!'"

ಓಂಕಾರೇಶನಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟ. "ನಂಗೆ ಬೈಯ್ತಿದ್ದುದು ಇನ್ನೂ ಜೋರು ಅಪ್ಪಾಜಿ. ಮದುವೆ ದಿನ ಹಸೆಮಣೆ ಮೇಲೂ ಬಿಡಲಿಲ್ಲ ಅಮ್ಮ. ತೀರ್ಥಮ್ಮನ ಮಗ ಅಂತ ಮಂಡೀಲಿ ಈಗಲೂ ನನ್ನ..." ಎನ್ನುತ್ತ ತಂದೆಯ ಕಡೆ ನೋಡಿದ. ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನು ತಟ್ಟನೆ ಮಾತು ನಿಲ್ಲಿಸಿದ.

ಅಯ್ಯನವರು ಒರೆಸಿಕೊಳ್ಳಲು ಹೋಗಲಿಲ್ಲ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು, ಕಾಲು ನೀಡಿಕೊಂಡರು.

"ನಿಲ್ಲಿಸಬೇಡ್ರೋ," ಎಂದರು. "ಮಂಡೀಲಿ ಏನಂತಾರೆ?"