ಅತ್ತೆಯ ಉಣ್ಣೆಗಿಡ

ನಮ್ಮ ಲಾಂಡ್ರಿಯಲ್ಲಿ ಒಗೆಯುವ ಮೊದಲು ಬಟ್ಟೆಗಳ ಜೇಬು ತಡಕುವುದು ಅತ್ತೆಯ ಪಾಲಿಗೆ ಉಳಿದ ಕೆಲಸ. ಜೀವಮಾನವಿಡೀ ಇಸ್ತ್ರಿ ಹಿಡಿದ ಬಲಗೈಗೆ ನಡುಕ ಹತ್ತಿ, ಗಿರಾಕಿಗಳ ಅಂಗಿ ಸುಡತೊಡಗಿದ ಮೇಲೆ ಇಸ್ತ್ರಿ ನನ್ನ ಕೈಗೆ ಬಂದಿತ್ತು. "ಜೇಬು ತಡಕೋದೂ ಒಂದು ಕೆಲಸವೇನಮ್ಮ? ಈ ಕೈಗೆ ಏನಾದರೂ ಕೆಲಸ ಕೊಡು" ಎಂದು ನನ್ನ ಪ್ರಾಣ ತಿನ್ನುತ್ತಿದ್ದರು. ಎಲ್ಲಿಂದ ತರಲಿ ನಾನು?

ಒಮ್ಮೆ ಯಾರದೋ ಕೋಟಿನ ಜೇಬಿನಲ್ಲಿ ಬೀಜದ ಪೊಟ್ಟಣ ಸಿಕ್ಕಿತು. ಸಾಸಿವೆಯೂ ಅದರ ಮುಂದೆ ದಪ್ಪ. ಕೋಟಿನವರು, ಅದು ಕಾಡುಹೂವು, ಮೊದಲ ವರ್ಷ ಬರೀ ಎಲೆ, ಹೂವೇನಿದ್ದರೂ ಮರುವರ್ಷ, ನೀವೇ ಇಟ್ಟುಕೊಳ್ಳಿ ಎಂದರಂತೆ. ಅತ್ತೆ ಅದನ್ನು ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೇ ಎರಚಿದರು. ಹುಟ್ಟಿದ್ದು ಒಂದೇ ಗಿಡ. ಮೆತ್ತನೆಯ ಉಣ್ಣೆಯಂಥ ಎಲೆಗಳು ನೆಲಕ್ಕಂಟಿ ಹರಡಿಕೊಂಡವು.

ನಮ್ಮ ಯಜಮಾನರೋ, ಕೋಟಿನ ಮೇಲೆ ಒಂದು ಎಳೆ ಕಂಡರೂ ಸಹಿಸುವವರಲ್ಲ. ಎಲೆಗೆ ಬೂಷ್ಟು ಹಿಡಿದಿದೆ ಎಂದುಕೊಂಡು ಬಟ್ಟೆಯ ಬ್ರಷ್ಷಿನಿಂದ ಒಂದು ಎಲೆಯನ್ನು ಉಜ್ಜಿ ಉಜ್ಜಿ ಬೋಳು ಮಾಡಿಬಿಟ್ಟರು. ಅತ್ತೆ ಬ್ರಷ್ ಕಿತ್ತುಕೊಂಡರು.

"ಅದು ಕೊಳೆಯಲ್ಲ ಕಣೋ, ಅದರ ಬಟ್ಟೆ."

ಅವತ್ತಿನಿಂದ ಮಗ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಮರುವರ್ಷ ಎದ್ದಿತು ನೋಡಿ! ನನ್ನ ತಲೆ ದಾಟಿ, ಹಗ್ಗ ದಾಟಿ, ಕಡ್ಡಿಯ ತುಂಬ ಹಳದಿ ಹೂ. ಒಂದಿಂಚು ಹಗ್ಗಕ್ಕೂ ಜಗಳವಾಡುವ ನಾನೇ ಹಗ್ಗ ಬಿಚ್ಚಿ ಅತ್ತ ಕಟ್ಟಿದೆ. ಅಂಥ ಚೆಲುವು ಅದು. ಅದನ್ನು ಬೆಳೆಸಿದ ಅತ್ತೆಯನ್ನು ಕಂಡರೆ ನನಗೆ ಹೆಮ್ಮೆಯಾಗುತ್ತಿತ್ತು.

ಆಮೇಲೆ ಗಿಡ ಒಣಗತೊಡಗಿತು. ಕೊಡಗಟ್ಟಲೆ ನೀರು ಸುರಿದೆ. ಅತ್ತೆ ನನ್ನನ್ನು ತಡೆದು, ಅದರ ಆಯಸ್ಸೇ ಅಷ್ಟು, ಕೋಟಿನವರು ಅವತ್ತೇ ಹೇಳಿದ್ದರು ಎಂದರು. ನನಗೆ ಪಿತ್ತ ನೆತ್ತಿಗೇರಿತು. ಗೊತ್ತಿದ್ದೂ ಇದಕ್ಕೆ ಇಷ್ಟೊಂದು ಜೀವ ತೇಯ್ದಿರಾ ಎಂದು ಕೂಗಾಡಿದೆ.

ಅವರು ಒಣಗಿದ ಕಡ್ಡಿಯನ್ನು ಮುರಿದು ಬಲಗೈಯಲ್ಲಿ ಹಿಡಿದುಕೊಂಡರು, ಅಷ್ಟೇ. ಕೈ ತನ್ನಷ್ಟಕ್ಕೆ ನಡುಗಿತು. ಬೀಜ ಸುರಿಯತೊಡಗಿತು. ಹಿತ್ತಲಿನ ಉದ್ದಕ್ಕೂ ಕಡ್ಡಿ ಹಿಡಿದೇ ನಡೆದರು, ಹೋದಲ್ಲೆಲ್ಲ ಬೀಜ.

"ಈ ಕೈಗೆ ಕೆಲಸ ಸಿಕ್ಕಿತು ನೋಡಮ್ಮ" ಎಂದರು.

ಈಗ ಬೀಜ ಬೇಕೆಂದು ಯಾರೇ ಬರಲಿ, ಕಡ್ಡಿಯನ್ನು ನಾನು ಮುಟ್ಟುವುದಿಲ್ಲ. ಅತ್ತೆಯನ್ನೇ ಕರೆಯುತ್ತೇನೆ.