ಹಲ್ವಾ ಡಬ್ಬಿಯ ಆರು ಇಂಜೆಕ್ಷನ್

ಸ್ಫಾಕ್ಸ್ ಪಟ್ಟಣದ ಆ ಹೆರಿಗೆ ವಾರ್ಡಿನಲ್ಲಿ ಮನ್ನೂಬಿಯಾ ಹೇಳಿದ್ದೇ ಕೊನೆ. ಮೂವತ್ತು ವರ್ಷ ಅನುಭವದ ಸೂಲಗಿತ್ತಿ ಅವಳು. ಡಾಕ್ಟರುಗಳೂ ಅವಳೆದುರು ದನಿ ತಗ್ಗಿಸುತ್ತಿದ್ದರು. ಆದರೆ ಹಿಂದಿನ ಮೂರು ವರ್ಷ ಅವಳನ್ನು ಹಣ್ಣು ಮಾಡಿದ್ದವು. ಬಿಪಿ ಏರಿದ ಬಸುರಿಯರ ನರಕ್ಕೆ ಕೊಡುವ ಫ್ರೆಂಚ್ ಔಷಧ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದ್ದ ಒಂದೆರಡನ್ನು ಯಾರಿಗೆ ಕೊಡುವುದು, ಯಾರಿಗೆ ಇಲ್ಲವೆನ್ನುವುದು ಎಂಬ ಪಾಪ ಅವಳ ತಲೆಗೇ ಬಂದಿತ್ತು. ಆ ದಿನಗಳಲ್ಲೇ ಆರು ಇಂಜೆಕ್ಷನ್ನುಗಳನ್ನು ಹತ್ತಿಯಲ್ಲಿ ಸುತ್ತಿ, ಹಲ್ವಾ ಡಬ್ಬಿಯಲ್ಲಿಟ್ಟು, ಬೀರುವಿನಲ್ಲಿ ಬಚ್ಚಿಟ್ಟಿದ್ದಳು. ತನ್ನವರಿಗೆ ಬೇಕಾದೀತು ಅಂತ. ತಪ್ಪೆಂದು ಗೊತ್ತಿದ್ದೂ ಇಟ್ಟಿದ್ದಳು.

ಈಗ ಆ ಔಷಧವನ್ನೇ ದೇಶದಲ್ಲಿ ತಯಾರಿಸುತ್ತಾರೆ. ಬೇರೆ ಹೆಸರು, ಅಗ್ಗದ ಪೆಟ್ಟಿಗೆ, ಬೇಕಾದಷ್ಟು. ತಿಂಗಳಿಂದ ಮನ್ನೂಬಿಯಾ ಅದನ್ನೇ ಎಲ್ಲರಿಗೂ ಕೊಡುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಅವಳ ತಂಗಿಯ ಮಗಳು ರಿಹಾಮ್‌ಳನ್ನು ಕರೆತಂದರು. ತುಂಬು ಬಸುರಿ, ಕಣ್ಣ ಮುಂದೆ ಮಿಂಚು ಹುಳ ಎನ್ನುತ್ತಿದ್ದಳು. ಬಿಪಿ ಹತ್ತೊಂಬತ್ತು, ಅಂದರೆ ನೂರ ತೊಂಬತ್ತು. ಆ ಊರಲ್ಲಿ ಬಿಪಿಯ ಕೊನೆಯ ಸೊನ್ನೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫಿಟ್ಸ್ ಬಂದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಮನ್ನೂಬಿಯಾ ಬೀರುವಿಗೆ ಓಡಿದಳು.

"ಬೀರೂಲಿ ಏನಕ್ಕಾ ಹುಡುಕ್ತಿದೀಯ? ಔಷಧ ಇಲ್ಲೇ ಟ್ರೇನಲ್ಲಿದೆಯಲ್ಲ!" ಎಂದ ಔಷಧ ವಿಭಾಗದ ಹಮ್ಮಾದಿ.

"ಸುಮ್ನಿರೋ. ಇವಳು ನನ್ ತಂಗಿ ಮಗಳು. ಇವಳಿಗೆ ಅಸಲಿದು."

"ಓಹೋ! ಹಾಗಾದ್ರೆ ನಿನ್ನೆ ನಾಲ್ಕು ಜನಕ್ಕೆ ಕೊಟ್ಟಿದ್ದೇನು, ಬಾವಿ ನೀರಾ?"

"ಅವರಿಗೇನು, ಗುಂಡುಕಲ್ಲಿನ ಹಾಗಿದಾರೆ!" ಎಂದವಳು ತನ್ನ ಮಾತಿಗೆ ತಾನೇ ತಬ್ಬಿಬ್ಬಾದಳು.

ಹಮ್ಮಾದಿ ಅವಳ ಕೈಯಿಂದ ಇಂಜೆಕ್ಷನ್ ತೆಗೆದುಕೊಂಡು ಬೆಳಕಿಗೆ ಹಿಡಿದ. ತಮಾಷೆ ನಿಂತಿತು. "ಅಕ್ಕಾ, ಇದರ ಅವಧಿ ಮುಗಿದು ಐದು ತಿಂಗಳಾಯ್ತು."

ಆರು ಹೆಂಗಸರ ಪಾಲಿನದು. ಯಾರಿಗೂ ಸಿಗದೆ ಹಾಳಾಗಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಬಿಸ್ಮಿಲ್ಲಾ ಎಂದು ಟ್ರೇಯಲ್ಲಿದ್ದುದನ್ನೇ ಒಡೆದು, ನರಕ್ಕೆ ಹನಿಸುವ ಪಂಪಿಗೆ ಹಾಕಿ, ರಿಹಾಮ್‌ಳ ಕೈ ಹಿಡಿದು ಕೂತಳು. ಹತ್ತೊಂಬತ್ತು. ಮತ್ತೆ ಹತ್ತೊಂಬತ್ತು. ಹದಿನೆಂಟು. ಆಮೇಲೆ ಮೆಲ್ಲಗೆ ಹದಿನಾರು, ಹದಿನೈದು.

ಮಧ್ಯಾಹ್ನದ ಅಜಾನ್ ಹೊತ್ತಿಗೆ ಹೆಣ್ಣು ಮಗು, ವಾರ್ಡೆಲ್ಲ ಕೇಳುವಷ್ಟು ಗಂಟಲು.

ಸಂಜೆ ತಂಗಿ ಬಾಣಂತಿಗೆಂದು ಎಳ್ಳು, ಬೆಣ್ಣೆ, ಜೇನು ಕಲಸಿದ ಝ್ರೀರ್ ತುಂಬಿದ ದೊಡ್ಡ ಪಾತ್ರೆ ತಂದಳು. ಅಕ್ಕನ ಕಿವಿಯ ಹತ್ತಿರ ಬಾಗಿ, "ನಮ್ ಹುಡುಗಿಗೆ ಒಳ್ಳೇದನ್ನೇ ಕೊಟ್ಟೆ ತಾನೇ?" ಎಂದಳು.

"ಎಲ್ಲರಿಗೂ ಕೊಡೋದನ್ನೇ ಕೊಟ್ಟೆ," ಎಂದಳು ಮನ್ನೂಬಿಯಾ, ಗಟ್ಟಿಯಾಗಿ.

"ಹಾಗಾದ್ರೆ ಝ್ರೀರೂ ಎಲ್ಲರಿಗೂ ಬರ್ಲಿ!" ಪಕ್ಕದ ಹಾಸಿಗೆಯವಳು ಕೂಗಿದಳು.

ವಾರ್ಡು ನಕ್ಕಿತು. ಮನ್ನೂಬಿಯಾ ಪಾತ್ರೆ ಎತ್ತಿಕೊಂಡು ಒಂದೊಂದೇ ಹಾಸಿಗೆಗೆ ಬಡಿಸುತ್ತ ಹೋದಳು. ಮೂರು ವರ್ಷಗಳಲ್ಲಿ ಮೊದಲ ಸಲ, ಒಬ್ಬರ ಮುಖದಿಂದಲೂ ಅವಳು ಕಣ್ಣು ತಪ್ಪಿಸಲಿಲ್ಲ.